ತ್ರಿಕೋನದ ಕೆಳಗಿನ ಪಟ್ಟಿ

ಲೈಸೆನ್ಸ್ ಪರೀಕ್ಷೆಯ ಪರದೆಯ ಮೇಲೆ ಕೆಂಪು ಅಂಚಿನ ತ್ರಿಕೋನ ಬಂತು. ಒಳಗೆ ಸಲಿಕೆ ಹಿಡಿದು ಬಗ್ಗಿದ ಮನುಷ್ಯನ ಚಿತ್ರ. ತ್ರಿಕೋನದ ಕೆಳಗೆ ಸಣ್ಣದೊಂದು ಬಿಳಿ ಪಟ್ಟಿ, ಅದರಲ್ಲಿ ‘200 ಮೀ.’ ಎಂದು ಬರೆದಿತ್ತು. ಈ ಪಟ್ಟಿಯ ಅರ್ಥವೇನು ಎಂದು ಹಿಂದಿಯಲ್ಲಿ ಪ್ರಶ್ನೆ. ಉತ್ತರ ಮೂರು ಕೊಟ್ಟಿದ್ದರು. ಕೆಲಸ ಇಲ್ಲಿಂದ ಇನ್ನೂರು ಮೀಟರ್ ಮುಂದೆ ಇದೆ. ಕೆಲಸ ಇಲ್ಲಿಂದ ಇನ್ನೂರು ಮೀಟರ್ ಉದ್ದಕ್ಕೂ ನಡೆದಿದೆ. ಇನ್ನೂರು ಮೀಟರಿನೊಳಗೆ ವಾಹನ ನಿಲ್ಲಿಸಬಾರದು.

ನಾನು ಯೋಚಿಸಲೂ ಇಲ್ಲ, ಎರಡನೆಯದನ್ನು ಒತ್ತಿದೆ. ದಿನಾ ಬೆಳಿಗ್ಗೆ ಆ ಬೋರ್ಡನ್ನು ರಸ್ತೆ ಬದಿಗೆ ನಿಲ್ಲಿಸುವವನೇ ನಾನು. ನನ್ನನ್ನು ಈ ಪ್ರಶ್ನೆ ಕೇಳುತ್ತಾರಲ್ಲ ಎಂದು ಒಳಗೊಳಗೇ ನಗು ಬಂತು. ಪರದೆ ಕೆಂಪಾಯಿತು. ತಪ್ಪು.

ಅಲ್ಲಿಂದ ಮುಂದೆ ಪಟ್ಟಿಗಳದ್ದೇ ಸಾಲು. ಪಾರ್ಕಿಂಗ್ ಬೋರ್ಡಿನ ಕೆಳಗೆ ಅಡ್ಡ ಬಾಣ, ಇಳಿಜಾರಿನ ಬೋರ್ಡಿನ ಕೆಳಗೆ ಎರಡು ಬಾಣಗಳ ನಡುವೆ ಒಂದು ಅಂಕಿ, ಪ್ರವೇಶ ನಿಷೇಧದ ಕೆಳಗೆ ಲಾರಿಯ ಚಿತ್ರ. ಮೇಲಿನ ದೊಡ್ಡ ಬೋರ್ಡುಗಳು ನನಗೆ ಗೊತ್ತಿದ್ದವು. ಕೆಳಗಿನ ಸಣ್ಣ ಪಟ್ಟಿ ಬಂದಾಗಲೆಲ್ಲ ತಪ್ಪಿದೆ. ಕೊನೆಗೆ ಅನುತ್ತೀರ್ಣ ಎಂದು ಬಂತು. ಕಿಟಕಿಯಲ್ಲಿದ್ದ ಗುಮಾಸ್ತ ಮುಖ ಎತ್ತದೆ, ಮುಂದಿನ ವಾರ ಮತ್ತೆ ಹಣ ಕಟ್ಟಿ ಬಾ ಎಂದು ಹಿಂದಿಯಲ್ಲಿ ಹೇಳಿದ.

ನಮ್ಮದು ರಸ್ತೆಗೆ ಸೂಚನಾ ಫಲಕ ನೆಡುವ ಕೆಲಸ. ಗೋವಾದ ದಾಬೋಲಿಮ್‌ನಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ಗುಡ್ಡದ ಮೇಲಿನ ಅಗಲವಾದ ರಸ್ತೆಯಲ್ಲಿ ಹಳೆಯ ಬೋರ್ಡು ಕಿತ್ತು ಹೊಸದು ನೆಡುತ್ತಿದ್ದೆವು. ಬೋರ್ಡನ್ನು ಓದಿ ಗೊತ್ತಿರುವುದು ಒಂದು, ಹೊತ್ತು ಗೊತ್ತಿರುವುದು ಇನ್ನೊಂದು. ನನಗೆ ಬೋರ್ಡಿನ ಬೆನ್ನು ಗೊತ್ತಿತ್ತು. ಯಾವುದಕ್ಕೆ ಎಷ್ಟು ತೂತು, ಯಾವ ತೂತಿಗೆ ಯಾವ ಬೋಲ್ಟು, ತ್ರಿಕೋನದ ಕೆಳಗೆ ಪಟ್ಟಿ ಕೂರಿಸಲು ಕಂಬದಲ್ಲಿ ಎಷ್ಟು ಜಾಗ ಬಿಡಬೇಕು, ಇವೆಲ್ಲ ಕತ್ತಲಲ್ಲಿ ಕೇಳಿದರೂ ಹೇಳುತ್ತಿದ್ದೆ. ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಸುಲಿಯುವುದು ಎಲ್ಲ ಮುಗಿದ ಮೇಲೆ. ಸುಲಿದು ಒಮ್ಮೆ ಒರೆಸಿ ಮುಂದಿನ ಕಂಬದ ಕುಣಿಗೆ ಹೋಗುತ್ತಿದ್ದೆವು.

ಹತ್ತನೇ ತರಗತಿಯನ್ನು ನಾನು ಮೂವತ್ತು ದಾಟಿದ ಮೇಲೆ ಕಟ್ಟಿ ಪಾಸಾದವನು. ಓದಲು ಬರುತ್ತದೆ. ಆದರೆ ಎದುರಿಗೇ ಇದ್ದದ್ದನ್ನು ಓದಿರಲಿಲ್ಲ.

ಡ್ರೈವಿಂಗ್ ಲೈಸೆನ್ಸ್ ಬೇಕಾಗಿದ್ದು ಭುಜದ ಸಲುವಾಗಿ. ಅಲ್ಲಿಯ ಕೆಂಪು ಕಲ್ಲಿನಲ್ಲಿ ಹಾರೆ ಹಾಕಿ ಹಾಕಿ ನನ್ನ ಬಲ ಭುಜ ಮೇಲೇಳುತ್ತಿರಲಿಲ್ಲ. ನಮ್ಮ ಸಾಮಾನಿನ ಪಿಕಪ್ ಓಡಿಸುತ್ತಿದ್ದ ಕಾಣಕೋಣದ ಮುದುಕ ಮಳೆಗಾಲದೊಳಗೆ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ. ನಮ್ಮ ಮೇಲೆ ನಿಗಾ ಇಡುವ ಮುಕಾದಮ ಬೆಳಗಾವಿ ಕಡೆಯವನು. ಅವನು ನನಗೆ ಮಾತು ಕೊಟ್ಟಿದ್ದ: ಲರ್ನಿಂಗ್ ಲೈಸೆನ್ಸ್ ತಗೊಂಡು ಬಾ, ಮುದುಕ ಪಕ್ಕದಲ್ಲಿ ಕೂತು ಕಲಿಸುತ್ತಾನೆ, ಆಮೇಲೆ ಪಿಕಪ್ ನಿನ್ನದೇ.

ನಪಾಸಾಗಿ ಬಂದ ಮರುದಿನ ಮೊದಲು ಕೇಳಿದವಳು ನಮ್ಮ ಬಾವುಟದ ಅಕ್ಕ. ಕೆಲಸ ನಡೆಯುವಲ್ಲಿ ಕೆಂಪು ಬಾವುಟ ಬೀಸಿ ಗಾಡಿಗಳನ್ನು ನಿಧಾನ ಮಾಡಿಸುವುದು ಅವಳ ಕೆಲಸ. ವಿಜಯಪುರದ ಕಡೆಯವಳು. ಗಂಡ ಇಲ್ಲ. ಒಬ್ಬ ಮಗಳ ಜೊತೆ ಗುತ್ತಿಗೆದಾರನ ತಗಡಿನ ಶೆಡ್ಡಿನಲ್ಲಿ ಇದ್ದಳು.

"ಏನಾತೋ ಸಾಲಿ ಮಾಸ್ತರ? ಗಾಡಿ ಎಲ್ಲೈತಿ?"

"ನಪಾಸ್ ಆತು ಅಕ್ಕಾ."

"ಹತ್ತನೇತ್ತ ಪಾಸಾದಾವ ಗಾಡಿ ಪರೀಕ್ಷಾದಾಗ ನಪಾಸ್ ಆದೇನು? ನಮ್ಮ ಹಳ್ಯಾಗ ಎತ್ತಿಗಿ ಸೈತ ಗೊತ್ತಿರತೈತಿ ಯಾವ ಕಡೆ ಹೊಳ್ಳಬೇಕಂತ."

"ಎತ್ತಿಗಿ ಪ್ರಶ್ನೆ ಕೇಳಂಗಿಲ್ಲಲ್ಲ."

"ಕೇಳಿದ್ರ ನಿನಗಿಂತ ಚಲೋ ಹೇಳತಿತ್ತು," ಎಂದು ನಕ್ಕು ಅವಳು ತನ್ನ ಬುತ್ತಿ ಚೀಲವನ್ನು ಎಂದಿನಂತೆ ಬೋರ್ಡಿಗೆ ತೂಗುಹಾಕಿದಳು.

ಆ ಬೋರ್ಡಿನ ಬಗ್ಗೆ ಇಲ್ಲೇ ಹೇಳಬೇಕು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಸಲಿಕೆ ಮನುಷ್ಯನ ತ್ರಿಕೋನ, ಕೆಳಗೆ ಇನ್ನೂರು ಮೀಟರಿನ ಪಟ್ಟಿ. ಕಾಲುಗಳ ಮೇಲೆ ಮರಳಿನ ಚೀಲ. ನಾವು ಅದನ್ನು ಕುಣಿ ತೋಡುವ ಜಾಗದ ಮಗ್ಗುಲಿಗೇ ಇಡುತ್ತಿದ್ದೆವು. ಎಲ್ಲ ತಂಡದವರೂ ಹಾಗೆಯೇ ಇಡುತ್ತಿದ್ದರು. ದೂರ ಇಟ್ಟರೆ ಗುಜರಿ ಆಯುವ ಭಂಗಾರದವರು ಹೊತ್ತೊಯ್ಯುತ್ತಾರೆ. ಹತ್ತಿರ ಇದ್ದರೆ ಅದರ ನೆರಳಿಗೆ ನೀರಿನ ಕ್ಯಾನು ಇಡಬಹುದು, ಮೊಳೆಗೆ ಅಂಗಿ ಹಾಕಬಹುದು. ಅಕ್ಕನ ಬುತ್ತಿ ಚೀಲ ಎಷ್ಟೋ ದಿನ ಆ ಪಟ್ಟಿಯನ್ನೇ ಮುಚ್ಚಿರುತ್ತಿತ್ತು. ಆ ಅಂಕಿಗೆ ನಾವು ಕೊಟ್ಟುಕೊಂಡಿದ್ದ ಅರ್ಥ ಒಂದೇ: ಇವತ್ತಿನ ನಮ್ಮ ಪಾಲಿನ ಕೆಲಸ. ನಮಗೆ ಕೆಲಸ ಅಳೆದು ಕೊಡುವುದು ಮೀಟರಿನಲ್ಲಿ. ಸಂಜೆ ಬೋರ್ಡು ಮಡಚುವಾಗ "ಇವತ್ತಿನ ಇನ್ನೂರು ಮುಗೀತು" ಎನ್ನುವುದು ನಮ್ಮಲ್ಲಿ ರೂಢಿ. ಅದಕ್ಕೇ ನಾನು ಎರಡನೇ ಉತ್ತರ ಒತ್ತಿದ್ದು.

ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಡ್ರೈವಿಂಗ್ ಶಾಲೆ ಇತ್ತು. ಕಾರವಾರದ ಮೇಡಂ ಒಬ್ಬರು ಅಲ್ಲಿ ಪರೀಕ್ಷೆಗೆ ಹೇಳಿಕೊಡುತ್ತಿದ್ದರು. ಕನ್ನಡ ಮಾತಾಡುತ್ತಾರೆಂದು ಮುದುಕ ಡ್ರೈವರನೇ ನನ್ನನ್ನು ಕಳಿಸಿದ್ದ. ನಾನು ಕಲಿಯಬೇಕಾಗಿರುವುದು ಸಣ್ಣ ಪಟ್ಟಿಗಳನ್ನು ಮಾತ್ರ ಎಂದಾಗ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಎಲ್ಲರೂ ದೊಡ್ಡ ಬೋರ್ಡು ಕೇಳ್ತಾರೆ. ನೀವೊಬ್ಬರೇ ಚಿಕ್ಕದು ಕೇಳ್ತಿರೋದು."

"ದೊಡ್ಡವು ಗೊತ್ತದಾವ್ರಿ. ನಾವ ನೆಡತೇವ್ರಿ."

ಅವರು ಮೇಜಿನ ಮೇಲೆ ಚಿತ್ರದ ಕಾರ್ಡುಗಳನ್ನು ಜೋಡಿಸಿದರು. ಮೇಲೊಂದು, ಕೆಳಗೊಂದು. "ಮೇಲಿನದು ಏನಿದೆ ಅಂತ ಹೇಳ್ತದೆ. ಕೆಳಗಿನದು ಎಲ್ಲಿ, ಎಷ್ಟು ಉದ್ದ, ಯಾರಿಗೆ, ಯಾವ ಹೊತ್ತಿಗೆ ಅಂತ ಹೇಳ್ತದೆ. ಕೆಳಗಿನದು ಒಂದೇ ಇದ್ದರೆ ಅದಕ್ಕೆ ಅರ್ಥ ಇಲ್ಲ. ಮೇಲಿನದು ಒಂದೇ ಇದ್ದರೆ, ಇಲ್ಲೇ, ಈಗಲೇ ಅಂತ ಅರ್ಥ. ಇದನ್ನು ಹಿಡ್ಕೊಳ್ಳಿ, ಉಳಿದದ್ದು ಸುಲಭ."

ಒಂದೊಂದಾಗಿ ಹೇಳಿಕೊಟ್ಟರು. ಬರೀ ಅಂಕಿ ಇದ್ದರೆ ಅಪಾಯ ಅಷ್ಟು ದೂರದಲ್ಲಿದೆ. ಅಂಕಿಯ ಎರಡೂ ಕಡೆ ಮೇಲ್ಮುಖ ಬಾಣ ಇದ್ದರೆ ಅಪಾಯ ಇಲ್ಲಿಂದಲೇ ಶುರು, ಅಷ್ಟು ಉದ್ದ ಇರುತ್ತದೆ. ಪಾರ್ಕಿಂಗ್ ಬೋರ್ಡಿನ ಕೆಳಗಿನ ಅಡ್ಡ ಬಾಣ, ನಿಯಮ ಕಂಬದ ಯಾವ ಪಕ್ಕಕ್ಕೆ ಅನ್ವಯ ಎಂದು ತೋರಿಸುತ್ತದೆ. ಲಾರಿಯ ಚಿತ್ರ ಇದ್ದರೆ ಮೇಲಿನ ಮಾತು ಲಾರಿಗೆ ಮಾತ್ರ. ಗಂಟೆ ಬರೆದಿದ್ದರೆ ಆ ಹೊತ್ತಿಗೆ ಮಾತ್ರ. ನಾನು ಬಾಣದ ಕಾರ್ಡನ್ನೂ ಬಾಣವಿಲ್ಲದ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಎರಡರಲ್ಲೂ ಒಂದೇ ಅಂಕಿ. ಬಾಣ ಅಂದರೆ ಅಲಂಕಾರ ಎಂದುಕೊಂಡಿದ್ದೆ.

ಆಮೇಲೆ ಸಲಿಕೆ ಮನುಷ್ಯನ ಕಾರ್ಡು ಎತ್ತಿಕೊಂಡೆ. ಅದರ ಕೆಳಗಿನ ಪಟ್ಟಿಯಲ್ಲಿ ಬಾಣ ಇರಲಿಲ್ಲ.

"ಮೇಡಂ, ಈ ಬೋರ್ಡು ಕೆಲಸದ ಜಾಗದಾಗ ಇಟ್ರ?"

"ಕೆಲಸದ ಜಾಗದಲ್ಲಿ ಇಡೋದಲ್ಲ. ಇನ್ನೂರು ಮೀಟರ್ ಮೊದಲೇ ಇಡಬೇಕು."

"ಇಲ್ರಿ, ಕುಣಿ ಮಗ್ಗಲದಾಗ ಇಟ್ರ ಗಾಡಿಯವ ಏನ್ ತಿಳ್ಕೋತಾನ್ರಿ?"

ಮೇಡಂ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು. "ಇನ್ನೂ ದೂರ ಇದೆ ಅಂತ ತಿಳ್ಕೋತಾನೆ. ಆಮೇಲೆ ಬ್ರೇಕ್ ಹಾಕಿದರಾಯ್ತು ಅಂತ." ಮತ್ತೆ ಅವರೇ ಕೇಳಿದರು, "ನೀವು ಹಾಗೆ ಇಡ್ತೀರಾ?"

ನಾನು ತಲೆ ತಗ್ಗಿಸಿದೆ.

ಆ ರಸ್ತೆಯಲ್ಲಿ ವಿಮಾನ ಹಿಡಿಯುವವರ ಟ್ಯಾಕ್ಸಿಗಳು ಬರುತ್ತವೆ. ಗುಡ್ಡ ಏರಿದ ಮೇಲೆ ರಸ್ತೆ ನೇರ. ಯಾರೂ ವೇಗ ತಗ್ಗಿಸುವುದಿಲ್ಲ. ನಾವು ಬೆನ್ನು ರಸ್ತೆಗೆ ಕೊಟ್ಟು ಕುಣಿ ತೋಡುತ್ತೇವೆ. ನಮಗೂ ಗಾಡಿಗಳಿಗೂ ನಡುವೆ ಅಕ್ಕ ಒಬ್ಬಳು, ಕೈಯಲ್ಲೊಂದು ಕೋಲು, ಕೋಲಿಗೊಂದು ಕೆಂಪು ಬಟ್ಟೆ. ಮೆಟ್ಟಿಲಿಳಿದು ಬರುವಾಗ ಇದೆಲ್ಲ ಮೊದಲ ಸಲ ನೋಡಿದಂತೆ ಕಣ್ಣಿಗೆ ಬಂತು.

ಮರುದಿನ ಮುಕಾದಮನಿಗೆ ಹೇಳಿದೆ. ಅವನು ಕೆಟ್ಟವನಲ್ಲ. ಮಾತು ಪೂರ್ತಿ ಕೇಳಿಸಿಕೊಂಡ.

"ಖರೇನ ಇರಬಹುದು. ಹ್ವಾದ ವರ್ಸ ಹಂಗ ದೂರ ಇಟ್ಟಿದ್ದೆ. ಮಧ್ಯಾಹ್ನಕ್ಕ ಬೋರ್ಡು, ಸ್ಟ್ಯಾಂಡು, ಮರಳಿನ ಚೀಲ ಸೈತ ಹೋತು. ನನ್ನ ಪಗಾರದಾಗ ಹಿಡದ್ರು. ಈಗ ಕಾಯಾಕ ಒಂದ್ ಆಳು ಕೊಡಂದ್ರ ಗುತ್ತಿಗೆದಾರ ಸೇಠ ಕೊಡಂಗಿಲ್ಲ. ನೀ ಹೇಳಪಾ, ಏನ್ ಮಾಡ್ಲಿ?"

"ನಾ ಇಟ್ಟು ಬರತೇನ್ರಿ. ನಡುನಡುವ ನೋಡ್ಕೊಂಡು ಬರತೇನಿ."

"ನೀ ನೋಡಾಕ ಹೋದ್ರ ಹಾರಿ ಯಾರ್ ಹಾಕಬೇಕು? ನಿನ್ನ ಪರೀಕ್ಷಾ ಪುಸ್ತಕ ರಸ್ತಾಕ್ಕ ತರಬ್ಯಾಡ."

ಆದರೂ ಒಂದು ಬೆಳಿಗ್ಗೆ ಅವನು ಬರುವ ಮೊದಲೇ ಬೋರ್ಡನ್ನು ಹೊತ್ತು ಹಿಂದಕ್ಕೆ ನಡೆದೆ. ಅಳತೆ ಟೇಪು ಅಷ್ಟುದ್ದ ಇರಲಿಲ್ಲ. ದೀಪದ ಕಂಬಗಳ ನಡುವಿನ ಅಂತರ ನನಗೆ ಗೊತ್ತಿತ್ತು, ಅದನ್ನೇ ಲೆಕ್ಕ ಹಿಡಿದು ಹೋದೆ. ಕುಣಿಯಿಂದ ಅಲ್ಲಿಯವರೆಗೆ ನಡೆದಾಗಲೇ ಇನ್ನೂರು ಮೀಟರ್ ಎಷ್ಟು ದೂರ ಎಂದು ಗೊತ್ತಾದದ್ದು. ಅಲ್ಲಿಂದ ನೋಡಿದರೆ ಅಕ್ಕ ಒಂದು ಕೆಂಪು ಚುಕ್ಕೆ. ಬೋರ್ಡು ನಿಲ್ಲಿಸಿ ನಾನು ಅಲ್ಲೇ ನಿಂತು ಗಾಡಿಗಳನ್ನು ನೋಡಿದೆ. ಬೋರ್ಡು ಕಂಡ ಕೂಡಲೇ ಕೆಲವರು ಕಾಲು ಬ್ರೇಕಿಗೆ ಒಯ್ಯುತ್ತಿದ್ದರು, ಹಿಂದಿನ ಕೆಂಪು ದೀಪ ಹೊತ್ತುತ್ತಿತ್ತು. ಎಲ್ಲರೂ ಅಲ್ಲ. ಕೆಲವರು. ಅವರು ಅಕ್ಕನ ಹತ್ತಿರ ಬರುವ ಹೊತ್ತಿಗೆ ನಿಧಾನವಾಗಿರುತ್ತಿದ್ದರು.

ಊಟದ ಹೊತ್ತಿಗೆ ಬೋರ್ಡು ಮಗುಚಿ ಬಿದ್ದಿತ್ತು, ಮರಳಿನ ಚೀಲ ಇರಲಿಲ್ಲ. ಮುಕಾದಮ ಪಿಕಪ್ ಕಳಿಸಿ ತರಿಸಿ ಕುಣಿ ಮಗ್ಗುಲಿಗೇ ಇಡಿಸಿದ. ನನಗೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆಗ ಇನ್ನೊಂದು ಉಪಾಯ ಹೊಳೆಯಿತು. ಮೇಲಿನದು ಒಂದೇ ಇದ್ದರೆ ಇಲ್ಲೇ, ಈಗಲೇ ಅಂತ ಅರ್ಥ ಎಂದು ಮೇಡಂ ಹೇಳಿದ್ದರಲ್ಲ. ಬೋರ್ಡನ್ನು ದೂರ ಒಯ್ಯಲಾಗದಿದ್ದರೆ ಪಟ್ಟಿಯನ್ನಾದರೂ ಬಿಚ್ಚಬಹುದು. ತ್ರಿಕೋನ ಮಾತ್ರ ಇದ್ದರೆ ಕನಿಷ್ಠ ಸುಳ್ಳು ಹೇಳುವುದಿಲ್ಲ. ಸ್ಪ್ಯಾನರ್ ತಗೊಂಡು ಎರಡು ಬೋಲ್ಟು ಸಡಿಲಿಸಿದೆ. ಪಟ್ಟಿ ಕೈಗೆ ಬಂತು. ಅದನ್ನು ಪಿಕಪ್ಪಿನ ಸೀಟಿನ ಹಿಂದೆ ತುರುಕಿದೆ.

ಅಕ್ಕ ಬಂದು ಬುತ್ತಿ ಎಲ್ಲಿ ತೂಗುಹಾಕಲಿ ಎಂದು ಕೇಳಿದಳು. ಯಾಕೆ ಬಿಚ್ಚಿದೆ ಎಂದು ವಿವರಿಸಿದೆ. ಅವಳು ಸೆರಗಿನಿಂದ ಬೆವರು ಒರೆಸುತ್ತ ಕೇಳಿದಳು, ಆಮೇಲೆ ನಕ್ಕಳು.

"ಬೋರ್ಡ್ ನೋಡಿ ಯಾರ್ ಗಾಡಿ ನಿಂದ್ರಸ್ತಾರೋ ತಮ್ಮಾ? ನನ್ನ ಮಾರಿ ನೋಡಿ ನಿಂದ್ರಸ್ತಾರ. ಇಷ್ಟ್ ಬಿಸಲಾಗ ಇಷ್ಟ್ ಕರ್ರಗಾದ ಹೆಣ್ಣ್ ಎಲ್ಲಿಂದ ಬಂತಪಾ ಅಂತ."

"ಚಾಷ್ಟಿ ಅಲ್ಲಕ್ಕಾ. ನೀ ಬೋರ್ಡಿನ ಬಾಜುಕ ನಿಂದ್ರಬ್ಯಾಡ. ಗಾಡಿ ಬರೋ ಕಡೆ ಮುಂದ ಹೋಗಿ ನಿಂದ್ರು."

"ಎಷ್ಟ್ ಮುಂದ? ಏರ್‌ಪೋರ್ಟಿನ್ಯಾಗ ಹೋಗಿ ನಿಂದ್ರಲೇನು ಬಾವುಟ ಹಿಡ್ಕೊಂಡು? ಇಮಾನ ನಿಂದ್ರಸ್ಲಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ವಾರವೇ ರಸ್ತೆ ನೋಡುವ ಎಂಜಿನಿಯರ್ ಬಂದ. ಪ್ರತಿ ಕೆಲಸದ ಜಾಗದ ಫೋಟೋ ತೆಗೆದು ಮೇಲಕ್ಕೆ ಕಳಿಸಬೇಕಂತೆ. ಬೋರ್ಡಿನ ಕೆಳಗೆ ಪಟ್ಟಿ ಇಲ್ಲದ್ದು ನೋಡಿ ಮುಕಾದಮನನ್ನು ಕರೆದು ರೇಗಿದ. ನಿಯಮದ ಪ್ರಕಾರ ದೂರದ ಪಟ್ಟಿ ಇರಲೇಬೇಕು. ಅವನು ಹೇಳಿದ್ದು ಸರಿಯೇ. ಇರಬೇಕು, ಆದರೆ ಇಲ್ಲಿ ಅಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಕಾದಮ ಕಣ್ಣಿನಲ್ಲೇ ಸುಮ್ಮನಿರಿಸಿದ. ಸೀಟಿನ ಹಿಂದಿನಿಂದ ಪಟ್ಟಿ ತಂದು ನಾನೇ ಬೋಲ್ಟು ಬಿಗಿದೆ. ಎಂಜಿನಿಯರ್ ಫೋಟೋ ತೆಗೆದುಕೊಂಡ. ಫೋಟೋದಲ್ಲಿ ತ್ರಿಕೋನ, ಪಟ್ಟಿ, ಹಿಂದೆ ಕುಣಿ, ಬಾವುಟ ಹಿಡಿದ ಅಕ್ಕ, ಎಲ್ಲವೂ ಒಂದರ ಪಕ್ಕ ಒಂದು ಬಂದವು. ಅವನಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಹಿಂದಿನ ವಾರದವರೆಗೆ ನನಗೂ ಕಾಣುತ್ತಿರಲಿಲ್ಲ.

ಅವತ್ತು ಸಾಮಾನು ತುಂಬುವಾಗ ಮುದುಕ ಡ್ರೈವರ್ ತನ್ನ ಹರಕು ಕನ್ನಡದಲ್ಲಿ ಹೇಳಿದ, "ಬೋರ್ಡು ಎಲ್ಲಿ ಇಳಿಸೋದು ಅಂತ ಡ್ರೈವರ್ ಹೇಳಬೇಕು. ಡ್ರೈವರ್ ಬ್ರೇಕ್ ಹಾಕಿದ ಕಡೆ ಇಳೀತದೆ. ನಾನು ಹೊಂಟವ, ನನಗೆ ಜಗಳ ಬೇಡ. ನೀ ಲೈಸೆನ್ಸ್ ತಗೋ ಬಾಬಾ, ಆಮೇಲೆ ನೀ ಎಲ್ಲಿ ಬ್ರೇಕ್ ಹಾಕ್ತೀ, ಅಲ್ಲಿ ಇಳಿಸು. ಕಬ್ಬಿಣದ ಸರಪಳಿ ಹಾಕಿ ದೀಪದ ಕಂಬಕ್ಕೆ ಕಟ್ಟು, ಯಾರೂ ಒಯ್ಯಾಂಗಿಲ್ಲ."

ಸರಪಳಿಯ ವಿಷಯ ನಮಗ್ಯಾರಿಗೂ ಹೊಳೆದಿರಲಿಲ್ಲ. ಮುಕಾದಮನಿಗೆ ಹೇಳಿದೆ. ಸೇಠನಿಗೆ ಕೇಳುತ್ತೇನೆ ಎಂದ. ಕೇಳಿದನೋ ಇಲ್ಲವೋ ಗೊತ್ತಿಲ್ಲ. ನಾನು ಅವತ್ತೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳುತ್ತ ಕೂರುವುದು ಬೇಡ, ಲೈಸೆನ್ಸ್ ತೆಗೆಯುವುದು, ಪಿಕಪ್ ಹಿಡಿಯುವುದು, ಮೊದಲ ದಿನವೇ ಬೋರ್ಡನ್ನು ಅದರ ಜಾಗದಲ್ಲಿ ಇಳಿಸುವುದು. ಭುಜದ ನೋವು ಮರೆತೇಹೋಗಿತ್ತು.

ಎರಡನೇ ಪರೀಕ್ಷೆಗೆ ಕೆಲಸದ ದಿನವೇ ರಜೆ ಹಾಕಬೇಕಾಯಿತು. ಮುಂಜಾನೆ ಹೊರಡುವಾಗ ಶೆಡ್ಡಿನ ಮುಂದೆ ಅಕ್ಕ ಮಗಳಿಗೆ ಜಡೆ ಹಾಕುತ್ತಿದ್ದಳು.

"ಇವತ್ತರ ಪಾಸಾಗಿ ಬಾ. ಇಲ್ಲಾಂದ್ರ ಆ ಪರೀಕ್ಷಾದವರಿಗಿ ನಿನ್ನ ಮಾರಿ ನೋಡಿ ನೋಡಿ ಸಾಕಾಗತೈತಿ."

"ಮುಂದ ನಿಂದ್ರಕ್ಕಾ ಇವತ್ತ," ಎಂದೆ.

"ನಿಂದ್ರತೇನಿ, ಹೋಗು."

ಪರದೆಯಲ್ಲಿ ಈ ಸಲ ಸಲಿಕೆ ಮನುಷ್ಯ ಬರಲಿಲ್ಲ. ಶಾಲೆಯ ಮಕ್ಕಳ ತ್ರಿಕೋನ ಬಂತು, ಕೆಳಗೆ ಬರೀ ಅಂಕಿ. ಮುಂದೆ ಇದೆ ಎಂದು ಒತ್ತಿದೆ. ಇಳಿಜಾರು ಬಂತು, ಬಾಣಗಳ ನಡುವೆ ಅಂಕಿ. ಇಲ್ಲಿಂದ ಅಷ್ಟು ಉದ್ದ ಎಂದು ಒತ್ತಿದೆ. ಲಾರಿ ಬಂತು, ಲಾರಿಗೆ ಮಾತ್ರ. ಪ್ರತಿ ಪಟ್ಟಿ ಬಂದಾಗಲೂ ಮೊದಲು ಮೇಲಿನದನ್ನು ನೋಡಿ, ಆಮೇಲೆ ಕೆಳಗಿನದನ್ನು ನೋಡಿ, ಆಮೇಲೆ ಗಾಡಿಯೊಳಗೆ ಕೂತವನಾಗಿ ಎರಡನ್ನೂ ಕೂಡಿಸಿ ಓದಿದೆ. ಪರದೆ ಹಸಿರಾಯಿತು. ಗುಮಾಸ್ತ ಅದೇ ದನಿಯಲ್ಲಿ, ಮುಖ ಎತ್ತದೆ, ಪಾಸ್ ಎಂದ.

ಬಸ್ಸಿನಲ್ಲಿ ವಾಪಸ್ ಬಂದೆ. ಕೆಲಸದ ಜಾಗಕ್ಕೆ ಸ್ವಲ್ಪ ಮೊದಲೇ ಒಂದು ನಿಲುಗಡೆ ಇದೆ. ಇಳಿದು ನೋಡಿದರೆ ರಸ್ತೆ ಬದಿಗೆ ನಮ್ಮ ಬೋರ್ಡು ನಿಂತಿತ್ತು. ತ್ರಿಕೋನ, ಕೆಳಗೆ ಪಟ್ಟಿ. ಕುಣಿ ಇರುವ ಜಾಗ ಅಲ್ಲಿಂದ ದೂರ. ನಾನು ಹಿಂದೆ ಗುರುತಿಟ್ಟಿದ್ದ ದೀಪದ ಕಂಬದ ಬುಡದಲ್ಲೇ ಇಟ್ಟಿದ್ದರು. ಬೋರ್ಡು ಅದರ ಸರಿಯಾದ ಜಾಗದಲ್ಲಿ ನಿಂತಿತ್ತು.

ನನಗೆ ಆದ ಸಂತೋಷ ಹೇಳಲಾರೆ. ಪಾಸಾದದ್ದಕ್ಕಿಂತ ಹೆಚ್ಚು. ಕೊನೆಗೂ ಮುಕಾದಮ ಕೇಳಿದ ಎಂದುಕೊಂಡೆ. ಅಕ್ಕನಿಗೆ ಹೇಳಿ ನಗಿಸಬೇಕು ಎಂದು ಬೇಗ ಬೇಗ ನಡೆದೆ.

ಸ್ವಲ್ಪ ದೂರ ಹೋದ ಮೇಲೆ ಕುಣಿಯ ಹತ್ತಿರ ಜನ ಕಂಡರು. ಪೊಲೀಸ್ ಜೀಪು ಕಂಡಿತು. ಮುಂಭಾಗ ಜಜ್ಜಿದ ಬಾಡಿಗೆ ಕಾರೊಂದು ಚರಂಡಿಗೆ ಮೂತಿ ಇಟ್ಟು ನಿಂತಿತ್ತು. ಅಕ್ಕನ ಕೆಂಪು ಬಾವುಟ ಬೇರೆ ಯಾರದೋ ಕೈಯಲ್ಲಿ ಇತ್ತು, ಅವನು ಅದನ್ನು ಬೀಸಿ ಗಾಡಿಗಳನ್ನು ಸಾಗಹಾಕುತ್ತಿದ್ದ. ಅಕ್ಕನನ್ನು ಆಗಲೇ ಆಂಬುಲೆನ್ಸಿನಲ್ಲಿ ಒಯ್ದಿದ್ದರು. ಕಾರು ಕಾಲಿನ ಮೇಲೆ ಹಾಯ್ದಿದೆ, ಉಸಿರು ಇತ್ತು ಎಂದು ನಮ್ಮವನೊಬ್ಬ ಹೇಳಿದ.

ಕುಣಿಯ ಮಗ್ಗುಲಲ್ಲಿ ಒಡೆದ ಮರಳಿನ ಚೀಲ ಬಿದ್ದಿತ್ತು. ಅದರ ಪಕ್ಕ ಅಕ್ಕನ ಬುತ್ತಿ ಚೀಲ. ಕೆಂಪು ಮಣ್ಣಿನಲ್ಲಿ ಸ್ಟ್ಯಾಂಡಿನ ಮೂರು ಕಾಲಿನ ಗುರುತು ಹಸಿಯಾಗೇ ಇತ್ತು. ಒಂದು ಗುರುತು ಎಳೆದ ಹಾಗೆ ಉದ್ದವಾಗಿತ್ತು.

ನಾನು ಹಿಂದೆ ತಿರುಗಿ, ದೂರದಲ್ಲಿ ನಿಂತ ಬೋರ್ಡನ್ನು ನೋಡಿದೆ. ನಡೆದು ಬಂದ ದಾರಿಯಲ್ಲೇ ವಾಪಸ್ ಹೋಗಿ ಹತ್ತಿರದಿಂದ ನೋಡಿದೆ. ಸ್ಟ್ಯಾಂಡಿನ ಒಂದು ಕಾಲು ಬಾಗಿತ್ತು, ತಂತಿ ಸುತ್ತಿ ನಿಲ್ಲಿಸಿದ್ದರು. ಮರಳಿನ ಚೀಲ ಇರಲಿಲ್ಲ, ಎರಡು ಕಲ್ಲು ಇಟ್ಟಿದ್ದರು.

ಕುಣಿಯ ಹತ್ತಿರ ತಿರುಗಿ ಬಂದಾಗ ಮುದುಕ ಡ್ರೈವರ್ ಪಿಕಪ್ಪಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ. ನನ್ನನ್ನು ನೋಡಿ ಮುಖ ಆ ಕಡೆ ಮಾಡಿದ. ಅಪಘಾತ ಆದ ಮೇಲೆ ಬೋರ್ಡನ್ನು ಯಾರು ಹೊತ್ತೊಯ್ದು ಇಟ್ಟರು ಎಂದು ಕೇಳುವ ಅಗತ್ಯ ಇರಲಿಲ್ಲ.

ಹವಾಲ್ದಾರ ಬರೆದುಕೊಳ್ಳುತ್ತಿದ್ದ. ಮುಕಾದಮ ಹಿಂದಿಯಲ್ಲಿ ಹೇಳುತ್ತಿದ್ದ: ಬೋರ್ಡು ಇನ್ನೂರು ಮೀಟರ್ ಮೊದಲೇ ಇಟ್ಟಿದ್ದೆವು ಸಾಹೇಬರೇ, ಕಾರಿನವ ನೋಡಲಿಲ್ಲ. ಕಾರಿನವನು, ಪ್ರವಾಸಕ್ಕೆ ಬಂದ ಎಳೆಯ ಹುಡುಗ, ಚರಂಡಿಯ ಅಂಚಿಗೆ ಕೂತು ಅಳುತ್ತಿದ್ದ. ನಾನು ಬೋರ್ಡು ನೋಡಿದೆ, ಇನ್ನೂ ದೂರ ಇದೆ ಅಂದುಕೊಂಡೆ ಎಂದು ಅವನು ಹೇಳುತ್ತಲೇ ಇದ್ದ. ಯಾರೂ ಅವನ ಮಾತು ಕೇಳುತ್ತಿರಲಿಲ್ಲ.

ನನಗೆ ಆ ಮಾತು ಅರ್ಥವಾಯಿತು. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಅರ್ಥವಾಗಿತ್ತು ಎಂದು ಹೇಳಲಾರೆ. ಮುಕಾದಮನಿಗೂ ಆಗಿತ್ತು. ಆಗಿದ್ದಕ್ಕೇ ಬೋರ್ಡು ಅಲ್ಲಿಗೆ ಹೋಗಿತ್ತು.

ಹವಾಲ್ದಾರನ ಹತ್ತಿರ ಹೋಗಿ, ಬೋರ್ಡು ಮೊದಲು ಇಲ್ಲೇ ಇತ್ತು ಎಂದೆ. ಸ್ಟ್ಯಾಂಡಿನ ಕಾಲಿನ ಗುರುತು ತೋರಿಸಿದೆ.

ಮುಕಾದಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, ದನಿ ಏರಿಸದೆ ಕೇಳಿದ. "ನೀ ಎಲ್ಲಿದ್ದಿ?"

"ಪರೀಕ್ಷಾಕ್ಕ ಹೋಗಿದ್ದೆ."

"ಅಂದ್ರ ಇಲ್ಲಿದ್ದಿಲ್ಲ."

"ಇದ್ದಿಲ್ಲ. ಆದ್ರ ದಿನಾ ಇಲ್ಲೇ ಇಡತೇವಿ. ನಿನಗೂ ಗೊತ್ತೈತಿ."

"ವಿಚಾರ ಮಾಡಿ ಮಾತಾಡು. ಹದಿನಾರು ಮಂದಿ ಹೊಟ್ಟಿ ಐತಿ ಇದರ ಮ್ಯಾಲ. ನಿನ್ನ ಪಿಕಪ್ಪೂ ಐತಿ."

ಹವಾಲ್ದಾರ ನಮ್ಮಿಬ್ಬರನ್ನೂ ನೋಡುತ್ತಿದ್ದ. ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದ. ನಾನು ಹಿಂದಿಯಲ್ಲಿ, ತಡವರಿಸುತ್ತ, ಎಲ್ಲವನ್ನೂ ಹೇಳಿದೆ. ಬೋರ್ಡು ಎಲ್ಲಿ ಇಡುತ್ತಿದ್ದೆವು, ಯಾಕೆ ಇಡುತ್ತಿದ್ದೆವು, ಪಟ್ಟಿ ಏನು ಹೇಳುತ್ತದೆ, ಕಾರಿನವನು ಅದನ್ನು ಓದಿದ ರೀತಿ ಸರಿಯಾದದ್ದೇ ಎಂದೂ ಹೇಳಿದೆ. ಅವನು ಬರೆದುಕೊಂಡ. ಕೊನೆಗೆ, ಘಟನೆಯ ಹೊತ್ತಿಗೆ ಸ್ಥಳದಲ್ಲಿ ಇರಲಿಲ್ಲ ಎಂದೂ ಬರೆದು ನನ್ನ ಸಹಿ ಮಾಡಿಸಿಕೊಂಡ. ನಮ್ಮ ತಂಡದ ಉಳಿದವರು, ಎಲ್ಲರೂ, ಬೋರ್ಡು ದೂರ ಇತ್ತು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಮುಕಾದಮ ನನ್ನ ಹಾಸಿಗೆ, ಟ್ರಂಕು ಎರಡನ್ನೂ ಶೆಡ್ಡಿನ ಹೊರಗೆ ಇಡಿಸಿದ್ದ. ಪಿಕಪ್ ಓಡಿಸಲು ಬೇರೆ ಯಾರೋ ಬಂದರಂತೆ. ಅವನು ಬೋರ್ಡು ಎಲ್ಲಿ ಇಳಿಸುತ್ತಾನೋ ನಾನು ನೋಡಿಲ್ಲ. ನನಗೆ ಮ್ಹಾಪಸಾದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಇಳಿಸುವ ಕೆಲಸ ಸಿಕ್ಕಿತು. ಭುಜ ಹಾಗೇ ಇದೆ.

ಅಕ್ಕನನ್ನು ನೋಡಲು ದೊಡ್ಡ ಆಸ್ಪತ್ರೆಗೆ ಹೋದಾಗ ಅವಳು ಕೂರುವಷ್ಟಾಗಿದ್ದಳು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಪಕ್ಕದ ಹಾಸಿಗೆಯ ಮುದುಕಿಗೆ ನನ್ನನ್ನು ತೋರಿಸಿ, "ನಮ್ಮ ಸಾಲಿ ಮಾಸ್ತರ," ಎಂದಳು.

"ಪಾಸಾದೇನು?"

"ಆದೆ."

"ಚಲೋ ಆತು." ಆಮೇಲೆ ಅವಳೇ ಶುರು ಮಾಡಿದಳು. "ಪೊಲೀಸ್ರು ನನ್ನೂ ಕೇಳಿದ್ರು, ಬೋರ್ಡು ಎಲ್ಲಿತ್ತಂತ."

ನಾನು ಸ್ಟೂಲನ್ನು ಹಾಸಿಗೆಯ ಹತ್ತಿರ ಎಳೆದುಕೊಂಡೆ.

"ದೂರ ಇತ್ತು ಅಂದೆ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಮುಕಾದಮ ಬಂದಿದ್ದ. ನನ್ನ ಮಗಳು ಇನ್ನಾ ಅವರ ಶೆಡ್ಡಿನ್ಯಾಗ ಅದಾಳ. ಹೊರಗ ಹಾಕಿದ್ರ ಈ ಊರಾಗ ವಯಸಿನ ಹುಡುಗಿ ಎಲ್ಲಿ ಮಲಗಬೇಕು? ನೀ ಹೇಳಿದ್ದು ಸುಳ್ಳಾತು ನನ್ನಿಂದ."

"ಆಗ್ಲಿ ಬಿಡಕ್ಕಾ."

"ಸಿಟ್ಟ್ ಬಂತೇನು?"

"ಇಲ್ಲ."

ಖರೇ ಹೇಳುವುದಾದರೆ ಬಂದಿತ್ತು. ಅವಳ ಮೇಲಲ್ಲ. ಯಾರ ಮೇಲೆ ಎಂದು ಈಗಲೂ ತಿಳಿದಿಲ್ಲ.

"ಅವತ್ತ ಮುಂದ ನಿಂತಿದ್ದೆ," ಅಂದಳು. "ನೀ ಹೇಳಿದ್ದಿ ಅಂತ. ಬಿಸಲಿಗಿ ತಲಿ ತಿರಗಾಕತ್ತು. ನೀರ್ ಕುಡಿಯಾಕ ಬೋರ್ಡಿನ ಹಂತೇಕ ಬಂದೆ. ಅಲ್ಲೇ ನಿಂತೆ." ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತ ಮುಂದುವರಿಸಿದಳು. "ಆ ಸಣ್ಣ ಪಟ್ಟಿದು ಇನ್ನೊಂದ್ಸಲ ಹೇಳು. ಅವತ್ತ ಹೇಳಿದಾಗ ನಾ ನಗಾಕತ್ತಿದ್ದೆ, ತಲ್ಯಾಗ ಹೋಗ್ಲಿಲ್ಲ. ಗಾಡಿ ಹೊಡ್ಯಾವಗ ಅದು ಏನಂತ ಹೇಳತೈತಿ?"

"ಕೆಲಸದ ಮಂದಿ ಇಲ್ಲಿಲ್ಲ, ಇನ್ನೂರು ಮೀಟರ್ ಮುಂದ ಅದಾರ ಅಂತ."

ಅವಳು ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ತುಟಿ ಅಲ್ಲಾಡಿದ್ದು ಕಾಣಿಸಿತು.

"ಅಂದ್ರ, ನಾ ಇಲ್ಲಿಲ್ಲ ಅಂತ ಬರದಿದ್ದ ಬೋರ್ಡಿಗೇ ಬುತ್ತಿ ತೂಗಹಾಕಿ, ಅದರ ಬಾಜುಕ ನಿಂತು, ಇಲ್ಲೇ ಅದೀನಿ ಅಂತ ಬಾವುಟ ಬೀಸಾಕತ್ತಿದ್ದೆ."

ನರ್ಸ್ ಬಂದು ಹೊತ್ತಾಯಿತು ಎಂದಳು. ಹೋಗುವಾಗ ಚಾದರ ಸರಿ ಮಾಡಿ ಹೋಗು, ಫ್ಯಾನಿನ ಗಾಳಿಗೆ ಸರಿಯುತ್ತದೆ ಎಂದು ಅಕ್ಕ ಹೇಳಿದಳು. ಕಾಲಿನ ಕಡೆಗೆ ಹೋಗಿ ಎರಡೂ ತುದಿ ಹಿಡಿದು ಎಳೆದೆ. ಒಂದು ಕಡೆ ಚಾದರ ಪಾದದವರೆಗೂ ಎತ್ತರಕ್ಕಿತ್ತು, ಇನ್ನೊಂದು ಕಡೆ ಮೊಣಕಾಲಿನ ಮುಂದೆ ಹಾಸಿಗೆಗೆ ಅಂಟಿಕೊಂಡು ಮಲಗಿತು.